ಮೊದಲು ತಿದ್ದುಪಡಿ, ಆಮೇಲೆ ಟಿಕೆಟ್

ದಾಖಲೆಯಲ್ಲಿ ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ಏನು ವ್ಯತ್ಯಾಸ ಎಂಬುದನ್ನು ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು, ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು ಗ್ರಾಮಗಳ ರೈತರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, ಮುಂದೆ 2,050 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆದ ಸೋಲಾರ್ ಪಾರ್ಕಿಗಾಗಿ ಇಲ್ಲಿನ ಸುಮಾರು 13,000 ಎಕರೆ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಆ ಹಣ ಜಮೀನಿನ ದಾಖಲೆಯಲ್ಲಿ ಹೆಸರಿದ್ದವರಿಗೆ ಸೇರುವಂಥದ್ದು. ಹೊಲವನ್ನು ಇಷ್ಟು ವರ್ಷ ಉತ್ತವರು ಯಾರು, ಬಿತ್ತಿದವರು ಯಾರು ಎಂದು ಊರಿಗೆಲ್ಲ ಗೊತ್ತಿರುತ್ತದೆ; ಗುತ್ತಿಗೆ ಪತ್ರಕ್ಕೆ ಗೊತ್ತಿರುವುದು ಪಹಣಿಯ ಹೆಸರು ಮಾತ್ರ. ತಾತನ ಹೆಸರಿನಲ್ಲೇ ಉಳಿದುಹೋದ ಪಹಣಿಗೆ ಪೌತಿ ಖಾತೆ ಮಾಡಿಸಲು ಓಡಾಡಿದವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಮೊದಲ ಸಲ ಹೊರದೇಶಕ್ಕೆ ಹೊರಡುವವರ ಕಷ್ಟವೂ ಇದೇ ಜಾತಿಯದು. ವಿಮಾನ, ಇಂಗ್ಲಿಷು, ಚಳಿ, ಊಟ ಎಂದು ನಾವು ಹೆದರುವ ಸಂಗತಿಗಳೆಲ್ಲ ಆಮೇಲಿನವು. ಕೆಲಸ ಕೆಡುವುದು ಮನೆಯ ಬೀರುವಿನಲ್ಲಿರುವ ಕಾಗದಗಳಲ್ಲಿ, ಅದೂ ಹೊರಡುವುದಕ್ಕೆ ತಿಂಗಳುಗಳ ಮೊದಲೇ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದ ಮೊದಲ ಬಾರಿಗೆ ವಿದೇಶಕ್ಕೆ ಹೊರಡುವವರು ಸಾಮಾನ್ಯವಾಗಿ ಮೂರು ಬಗೆ. ಎಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡಲು ಹೋಗುವ ಮಕ್ಕಳು. ಡ್ರೈವರ್, ಎಲೆಕ್ಟ್ರಿಷಿಯನ್, ಮನೆಗೆಲಸ ಎಂದು ಕೊಲ್ಲಿ ದೇಶಗಳಿಗೆ ಹೋಗುವವರು. ಮಗಳದೋ ಸೊಸೆಯದೋ ಬಾಣಂತನಕ್ಕೆಂದು ಅಮೆರಿಕಕ್ಕೋ ಆಸ್ಟ್ರೇಲಿಯಕ್ಕೋ ಹೊರಡುವ ತಂದೆ ತಾಯಂದಿರು. ಪತ್ರಿಕೆಗಳಲ್ಲಿ ಬರುವ ಪ್ರವಾಸ ಸಲಹೆಗಳು ಈ ಮೂವರಲ್ಲಿ ಯಾರನ್ನೂ ನೆನೆದು ಬರೆದವಲ್ಲ. ಸೂಟ್‌ಕೇಸ್ ಜೋಡಿಸುವುದು ಹೇಗೆ, ಫೋಟೊ ತೆಗೆಯುವುದು ಎಲ್ಲಿ ಎಂಬುದರಲ್ಲೇ ಅವು ಮುಗಿಯುತ್ತವೆ. ಬ್ಯಾಗಿನಲ್ಲಿ ಸ್ವೆಟರ್ ಮರೆತರೆ ಅಲ್ಲಿ ಒಂದು ಕೊಳ್ಳಬಹುದು. ಹೆಸರು ತಪ್ಪಿದ್ದರೆ ಅಲ್ಲಿ ಕೊಳ್ಳಲು ಸಿಗದು.

ಒಂದು ಹೆಸರನ್ನೇ ಹತ್ತಿರದಿಂದ ನೋಡೋಣ. ಕೆ.ಎಚ್. ನರಸಿಂಹಪ್ಪ ಎಂದಿಟ್ಟುಕೊಳ್ಳಿ, ಕೆ ಎಂದರೆ ಕ್ಯಾತಗಾನಚೆರ್ಲು, ಎಚ್ ಎಂದರೆ ತಂದೆ ಹನುಮಂತಪ್ಪ. ಶಾಲೆಯ ದಾಖಲಾತಿಯಲ್ಲಿ ಇನಿಷಿಯಲ್ಲು ಕೊನೆಗೆ ಬಂದು ‘ನರಸಿಂಹಪ್ಪ ಕೆ ಎಚ್’ ಆಗಿದೆ. ಆಧಾರ್‌ನಲ್ಲಿ ಬರೀ ನರಸಿಂಹಪ್ಪ. ಸೊಸೈಟಿ ಸಾಲದ ಪುಸ್ತಕದಲ್ಲಿ ನರಸಿಂಹಯ್ಯ. ಪಹಣಿಯಲ್ಲಿ ‘ನರಸಿಂಹಪ್ಪ ಬಿನ್ ಹನುಮಂತಪ್ಪ’. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಗುಮಾಸ್ತ ‘ಹ’ ಅಕ್ಷರಕ್ಕೆ ಒಂದು ‘ಎ’ ಹಾಕಿದರೆ ಇನ್ನೊಬ್ಬ ಎರಡು ಹಾಕುತ್ತಾನೆ. ಊರಿನ ಹೆಸರಂತೂ ಬಸ್ಸಿನ ಬೋರ್ಡಿನಲ್ಲಿ ಒಂದು, ಪಂಚಾಯಿತಿಯ ಮೊಹರಿನಲ್ಲಿ ಇನ್ನೊಂದು. ಇಷ್ಟಾದರೂ ಊರಿನಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ, ಏಕೆಂದರೆ ಕೌಂಟರಿನಲ್ಲಿ ಕೂತವರಿಗೆ ಮನುಷ್ಯನ ಪರಿಚಯ ಇರುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಮಾತ್ರ ಎರಡು ಪ್ರತ್ಯೇಕ ಚೌಕಗಳು ಬರುತ್ತವೆ: ಗಿವನ್ ನೇಮ್, ಸರ್‌ನೇಮ್. ಇನಿಷಿಯಲ್ಲನ್ನು ಬಿಡಿಸಿ ಪೂರ್ತಿ ಬರೆಯಬೇಕು. ನಮ್ಮ ಕಡೆ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಕಡಿಮೆಯಾದ್ದರಿಂದ ಸೈಬರ್ ಸೆಂಟರಿನ ಹುಡುಗ ಎರಡನೇ ಚೌಕವನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತಾನೆ. ಅರ್ಜಿ ಪಾಸಾಗುತ್ತದೆ, ಪಾಸ್‌ಪೋರ್ಟೂ ಬರುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ.

ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟ್ ಭಾರತದಲ್ಲಿ ಸಂಪೂರ್ಣ ಕಾನೂನುಬದ್ಧ. ಆದರೆ 2022ರ ನವೆಂಬರ್‌ನಲ್ಲಿ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ಅಥವಾ ಪ್ರವಾಸಿ ವೀಸಾದ ಮೇಲೆ ಯುಎಇ ಪ್ರವೇಶವಿಲ್ಲ ಎಂದು ವಿಮಾನ ಸಂಸ್ಥೆಗಳು ಸುತ್ತೋಲೆ ಹೊರಡಿಸಿದವು. ಎರಡನೇ ಪುಟದಲ್ಲಿ ತಂದೆಯ ಹೆಸರೋ ಕುಟುಂಬದ ಹೆಸರೋ ಇದ್ದರೆ ಸಾಕು ಎಂದು ಆಮೇಲೆ ಸಡಿಲಿಸಿದರು ನಿಜ. ನಿವಾಸಿ ವೀಸಾ ಇದ್ದವರಿಗೆ ನಿಯಮ ಅನ್ವಯಿಸಿರಲೂ ಇಲ್ಲ. ಆದರೆ ಯುಎಇಯ ಒಂದು ಆದೇಶದಿಂದ ಇಲ್ಲಿನ ಎಷ್ಟೋ ಜನರ ಟಿಕೆಟ್ಟು ಅತಂತ್ರವಾಗಬಲ್ಲದು ಎಂಬುದು ಅಂದು ತಿಳಿಯಿತು. ಅಮೆರಿಕದ ವೀಸಾ ಅರ್ಜಿಯಲ್ಲಿ ಇನ್ನೊಂದು ತಮಾಷೆ. ಒಂದೇ ಹೆಸರಿದ್ದರೆ ಅದನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ತಿಳಿದಿಲ್ಲ’ ಎಂದು ಬರೆಯಬೇಕು. ಓದಲು ಹೋದ ಹುಡುಗಿಯೊಬ್ಬಳ ಕಾಲೇಜು ಗುರುತಿನ ಚೀಟಿ, ಬ್ಯಾಂಕು ಖಾತೆ, ಡ್ರೈವಿಂಗ್ ಲೈಸೆನ್ಸು ಎಲ್ಲದರಲ್ಲೂ ಆಮೇಲೆ ‘ಎಫ್‌ಎನ್‌ಯು’ ಎಂಬ ಹೆಸರು ಅಂಟಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಇಲ್ಲಿ ಬೇಕಾಗಿದ್ದುದು ಒಂದು ಚೌಕ ತುಂಬುವ ಕೆಲಸ.

ಆ ಚೌಕದಲ್ಲಿ ಏನು ತುಂಬಬೇಕು? ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಮೂರೂ ಚಾಲ್ತಿಯಲ್ಲಿವೆ. ನನ್ನ ಅಭಿಪ್ರಾಯ ತಂದೆಯ ಹೆಸರಿನ ಕಡೆಗೆ. ಅದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದೆ, ಪಹಣಿಯಲ್ಲಿದೆ, ಪ್ಯಾನ್ ಕಾರ್ಡಿನಲ್ಲಿದೆ. ಅದನ್ನು ರುಜುವಾತು ಮಾಡಲು ಹೊಸ ಕಾಗದ ಹುಟ್ಟಿಸಬೇಕಾಗಿಲ್ಲ. ಊರಿನ ಹೆಸರಿಗೆ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ ಇಲ್ಲದಿರುವಾಗ ಅದನ್ನು ಸರ್‌ನೇಮ್ ಮಾಡಿಕೊಳ್ಳುವುದು ಬೇಲಿ ಮೇಲಿನ ಮುಳ್ಳನ್ನು ಮೈಮೇಲೆ ಎಳೆದುಕೊಂಡ ಹಾಗೆ. ತಂದೆಯ ಹೆಸರು ತುಂಬಿದರೆ ಗಂಡ, ಹೆಂಡತಿ, ಮಕ್ಕಳು ಮೂವರಿಗೂ ಬೇರೆ ಬೇರೆ ಸರ್‌ನೇಮ್ ಬರುತ್ತದಲ್ಲ ಎಂಬ ಆಕ್ಷೇಪ ಇದೆ. ಬರಲಿ. ಮಗುವಿನ ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿಯ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇದ್ದರೆ ಸಂಬಂಧ ಸಾಬೀತಾಗುತ್ತದೆ. ಮದುವೆಯಾದ ಹೆಣ್ಣುಮಕ್ಕಳು ಗಂಡನ ಹೆಸರಿಗೆ ಬದಲಾಯಿಸಿಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. 2016ರ ಕೊನೆಯಲ್ಲಿ ನಿಯಮ ಸರಳಗೊಳಿಸಿದಾಗ ಪಾಸ್‌ಪೋರ್ಟಿಗೆ ಮದುವೆ ಪ್ರಮಾಣಪತ್ರ ಕೇಳುವುದನ್ನೂ ಕೈಬಿಟ್ಟರು. ವಿಮಾನದ ಟಿಕೆಟ್ಟಿನಲ್ಲಿ ಮಾತ್ರ ಅಕ್ಷರಕ್ಕೆ ಅಕ್ಷರ ಪಾಸ್‌ಪೋರ್ಟಿನ ಹೆಸರೇ ಇರಬೇಕು. ಮನೆಯಲ್ಲಿ ಕರೆಯುವ ಹೆಸರಿನಲ್ಲಿ ಮಗ ಅಲ್ಲಿಂದಲೇ ಟಿಕೆಟ್ ಮಾಡಿ ಕಳಿಸಿದರೆ ವಾಪಸ್ ಕಳಿಸಿ ಸರಿಮಾಡಿಸಿ.

ಹೆಸರಿನ ನಂತರ ಹುಟ್ಟಿದ ದಿನ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ಜೂನ್ 1 ಎಂದು ಬರೆದುಕೊಂಡ ತಲೆಮಾರು ನಮ್ಮ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಅದೇ ತಾರೀಖು ಎಲ್ಲ ದಾಖಲೆಯಲ್ಲೂ ಇದ್ದರೆ ಯಾವ ತೊಂದರೆಯೂ ಇಲ್ಲ. ಶಾಲೆಯಲ್ಲಿ ಜೂನ್ 1, ಆಧಾರ್‌ನಲ್ಲಿ ಬರೀ ಇಸವಿ ಅಥವಾ ಜನವರಿ 1, ಮತದಾರರ ಚೀಟಿಯಲ್ಲಿ ಅಂದಾಜು ವಯಸ್ಸು ಎಂದಾದಾಗ ತೊಡಕು. ತಿದ್ದುಪಡಿಗೆ ಒಂದು ಕ್ರಮ ಇದೆ, ಅದನ್ನು ಹಿಂದುಮುಂದು ಮಾಡಿದವರು ಎರಡೆರಡು ಸಲ ಅಲೆಯುತ್ತಾರೆ. ಶಾಲೆ ಓದಿದವರಿಗೆ ತಳಪಾಯ ಶಾಲಾ ದಾಖಲೆ. ಅದರಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯ ಶಿಕ್ಷಕರಿಂದ ಆರಂಭಿಸಿ ಬಿಇಒ ಕಚೇರಿ, ಅಲ್ಲಿಂದ ಮುಂದೆ ಪರೀಕ್ಷಾ ಮಂಡಳಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದರಿಂದ ಉಪನಿರ್ದೇಶಕರ ಕಚೇರಿಗೆಂದು ತುಮಕೂರಿನವರೆಗೆ ಹೋಗಬೇಕಾಗಿಲ್ಲ, ಅಷ್ಟರಮಟ್ಟಿಗೆ ಅನುಕೂಲ. ಶಾಲಾ ದಾಖಲೆ ಸರಿಯಾದ ಮೇಲೆ ಆಧಾರ್, ಆಮೇಲೆ ಪ್ಯಾನ್, ಕೊನೆಗೆ ಪಾಸ್‌ಪೋರ್ಟ್. ಶಾಲೆಯ ಮೆಟ್ಟಿಲನ್ನೇ ಹತ್ತದ ಹಿರಿಯರಿಗೆ ಪ್ಯಾನ್, ಮತದಾರರ ಚೀಟಿ, ಎಲ್‌ಐಸಿ ಬಾಂಡುಗಳನ್ನೂ ಜನ್ಮದಿನಾಂಕಕ್ಕೆ ಒಪ್ಪುತ್ತಾರೆ. ಆದರೆ 2023ರ ಅಕ್ಟೋಬರ್ 1 ಅಥವಾ ಆನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರ ಬಿಟ್ಟು ಬೇರೇನೂ ನಡೆಯದು. ಬಾಣಂತನ ಮುಗಿಸಿ ಬಂದ ಅಜ್ಜಿ ತಾತಂದಿರು ಊರಿನಲ್ಲಿ ಹುಟ್ಟಿದ ಮೊಮ್ಮಗುವಿನ ಪ್ರಮಾಣಪತ್ರವನ್ನೂ ಈಗಲೇ, ಹೆಸರು ಸೇರಿಸಿ, ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಇಲ್ಲಿ ಒಂದು ಸಹಜವಾದ ಪ್ರಶ್ನೆ ಏಳುತ್ತದೆ. ಇಷ್ಟೆಲ್ಲ ಯಾಕೆ, ಏಜೆಂಟರಿಗೆ ದುಡ್ಡು ಕೊಟ್ಟರೆ ಅವರೇ ನೋಡಿಕೊಳ್ಳುತ್ತಾರಲ್ಲ? ಕೊಡುವುದಕ್ಕೆ ಮುಂಚೆ ಲೆಕ್ಕ ಹಾಕಿ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ಸರ್ಕಾರಿ ಶುಲ್ಕ 1,500 ರೂಪಾಯಿ. ತತ್ಕಾಲ್ ಬೇಕಾದರೆ ಅದರ ಮೇಲೆ 2,000. ವಯಸ್ಕರಿಗೆ ಹತ್ತು ವರ್ಷ ನಡೆಯುತ್ತದೆ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ತುಮಕೂರಿನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೋ ಬೆಂಗಳೂರಿನ ಲಾಲ್‌ಬಾಗ್ ರಸ್ತೆ ಅಥವಾ ಮಾರತ್ತಹಳ್ಳಿಯ ಕೇಂದ್ರಕ್ಕೋ ದಿನ ಗೊತ್ತು ಮಾಡಿಕೊಂಡು, ಬೆರಳಚ್ಚು ಮತ್ತು ಫೋಟೊ ಕೊಡಲು ಅರ್ಜಿದಾರರೇ ಹೋಗಬೇಕು. ಏಜೆಂಟರು ನಿಮ್ಮ ಬದಲು ಹೆಬ್ಬೆಟ್ಟು ಒತ್ತಲಾರರು, ಪೊಲೀಸ್ ಪರಿಶೀಲನೆಯ ದಿನ ನಿಮ್ಮ ಮನೆಯಲ್ಲಿ ಕೂರಲಾರರು. ಆ ಪರಿಶೀಲನೆಯಲ್ಲೇ ಬಹಳ ಅರ್ಜಿಗಳು ಸಿಕ್ಕಿಕೊಳ್ಳುವುದು, ಕಾರಣ ವಿಳಾಸ. ಆಧಾರ್‌ನಲ್ಲಿ ಊರಿನ ವಿಳಾಸ ಇಟ್ಟುಕೊಂಡು ಬೆಂಗಳೂರಿನ ಪೀಣ್ಯದಲ್ಲಿ ಬಾಡಿಗೆಗಿರುವವರು ‘ಈಗ ವಾಸಿಸುವ ವಿಳಾಸ’ ಎಂದು ಊರನ್ನೇ ಬರೆದರೆ, ಬೀಟ್ ಪೊಲೀಸರು ಬಂದಾಗ ಬೀಗ ಹಾಕಿರುತ್ತದೆ. ಎಲ್ಲಿ ನಿಜವಾಗಿ ಇದ್ದೀರೋ ಅಲ್ಲಿಯ ವಿಳಾಸಕ್ಕೆ ಆಧಾರ್ ಬದಲಿಸಿ ಅರ್ಜಿ ಹಾಕಿ. 2018ರಿಂದೀಚೆಗೆ ದೇಶದ ಯಾವ ಕೇಂದ್ರದಲ್ಲಾದರೂ ಅರ್ಜಿ ಹಾಕಬಹುದು. ಏಜೆಂಟರು ಮಾಡುವುದು ಅರ್ಜಿ ತುಂಬುವ ಕೆಲಸ ಒಂದೇ, ಹೆಸರು ಕೆಡುವುದೂ ಅಲ್ಲೇ. ಯಾರಿಂದ ತುಂಬಿಸಿದರೂ ಸಲ್ಲಿಸುವ ಮೊದಲು ಮುದ್ರಿಸಿ, ಅಂಕಪಟ್ಟಿ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಕೆಲಸಕ್ಕೆಂದು ಹೋಗುವವರ ವಿಷಯದಲ್ಲಿ ಏಜೆಂಟರ ಮಾತು ಇನ್ನೂ ಗಂಭೀರ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತದೆ. ಅಂದರೆ ಸೌದಿ ಅರೇಬಿಯಾ, ಯುಎಇ, ಕತಾರ್, ಕುವೈತ್, ಒಮಾನ್, ಬಹರೈನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗಲು 1983ರ ವಲಸೆ ಕಾಯ್ದೆಯಡಿ ಸರ್ಕಾರದ ಅನುಮತಿ ಬೇಕು. ಹತ್ತನೇ ತರಗತಿ ಪಾಸಾದವರು, 50 ದಾಟಿದವರು, ಆದಾಯ ತೆರಿಗೆ ಕಟ್ಟುವವರು ಇದರಿಂದ ಹೊರಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಂದೇ ಕಾಗದ, ಹುಟ್ಟಿದ ದಿನವನ್ನೂ ಹೇಳುತ್ತದೆ, ಈ ಅನುಮತಿಯ ಪ್ರಶ್ನೆಯನ್ನೂ ತೀರ್ಮಾನಿಸುತ್ತದೆ. ಈ ಅನುಮತಿಯನ್ನು ಜನ ಅಡ್ಡಿ ಎಂದೇ ತಿಳಿಯುತ್ತಾರೆ, ಅದನ್ನು ತಪ್ಪಿಸಲು ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳೋಣ ಎಂಬ ಏಜೆಂಟರ ಮಾತಿಗೆ ತಲೆಯಾಡಿಸುತ್ತಾರೆ. ಆದರೆ ಈ ಅನುಮತಿ ಕೊಡುವ ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ ಹೋದವರ ಕೆಲಸದ ಕರಾರು, ಸಂಬಳ, ಮಾಲೀಕರ ವಿವರ ಸರ್ಕಾರದ ದಾಖಲೆಯಲ್ಲಿರುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಹತ್ತು ಲಕ್ಷ ರೂಪಾಯಿಯ ವಿಮೆ ಇರುತ್ತದೆ. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ವಿಸಿಟ್ ವೀಸಾದಲ್ಲಿ ಹೋದವರು ಸಂಬಳ ಸಿಗದಿದ್ದರೆ ದೂರು ಕೊಡಲು ಹೋದ ಕಡೆ ತಾವೇ ತಪ್ಪಿತಸ್ಥರಾಗುತ್ತಾರೆ. ಕಾಂಬೋಡಿಯ, ಲಾವೋಸ್, ಮ್ಯಾನ್ಮಾರ್ ಕಡೆ ಕಂಪ್ಯೂಟರ್ ಕೆಲಸ ಎಂದು ಕರೆದೊಯ್ದು ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ ಮತ್ತೆ ಮತ್ತೆ ಎಚ್ಚರಿಸಿದೆ. ಏಜೆಂಟರ ಲೈಸೆನ್ಸ್ ನಂಬರು ಕೇಳಿ, ಇ-ಮೈಗ್ರೇಟ್ ತಾಣದಲ್ಲಿ ನೀವೇ ಹುಡುಕಿ ನೋಡಿ. ಕೇಳಿದ್ದಕ್ಕೆ ಸಿಡುಕುವವರಿಗೆ ದುಡ್ಡು ಕೊಡಬೇಡಿ.

ವೀಸಾದ ಹಂತಕ್ಕೆ ಬಂದಾಗಲೂ ತೂಗುವುದು ಊರಿನ ಕಾಗದವೇ. ಅಮೆರಿಕದ ಭೇಟಿ ವೀಸಾ ಕೇಳುವವರನ್ನು ಅಲ್ಲಿನ ವಲಸೆ ಕಾನೂನಿನ 214(ಬಿ) ಕಲಮು ವಾಪಸ್ ಬಾರದೆ ಅಲ್ಲೇ ನೆಲೆಸಲು ಹೊರಟವರೆಂದೇ ಮೊದಲು ಭಾವಿಸುತ್ತದೆ. ಹಾಗಲ್ಲ ಎಂದು ತೋರಿಸುವುದು ಅರ್ಜಿದಾರರ ಹೊಣೆ. ಅದಕ್ಕಾಗಿ ಸಾಲ ತಂದು ಬ್ಯಾಂಕಿನಲ್ಲಿ ದೊಡ್ಡ ಮೊತ್ತ ತುಂಬಿ ತೋರಿಸುವವರಿದ್ದಾರೆ. ನಿನ್ನೆ ಬಂದು ಬಿದ್ದ ಹಣ ಅನುಮಾನ ಹೆಚ್ಚಿಸುತ್ತದೆಯೇ ಹೊರತು ನಂಬಿಕೆ ತರುವುದಿಲ್ಲ. ಸೋಲಾರ್ ಗುತ್ತಿಗೆಯ ಹಣ ವರ್ಷ ವರ್ಷ ಜಮಾ ಆಗಿರುವ ಪಾಸ್‌ಬುಕ್, ಹೆಸರಿನಲ್ಲಿರುವ ಪಹಣಿ, ಪಿಂಚಣಿ, ಊರಿನಲ್ಲಿರುವ ಇನ್ನೊಬ್ಬ ಮಗನ ಸಂಸಾರ, ಇವೇ ವಾಪಸ್ ಬರುತ್ತೀರಿ ಎಂಬುದಕ್ಕೆ ಗಟ್ಟಿ ಕಾರಣಗಳು. ಅಧಿಕಾರಿ ಎಷ್ಟೋ ಸಲ ಕಾಗದ ನೋಡುವುದೇ ಇಲ್ಲ, ಎರಡು ನಿಮಿಷ ಮಾತನಾಡಿಸಿ ಮುಗಿಸುತ್ತಾರೆ ಎಂಬ ಮಾತು ನಿಜ. ಆದರೆ ಅವರ ಮುಂದೆ ನೀವು ತುಂಬಿದ ಅರ್ಜಿ ಇರುತ್ತದೆ; ಬಾಯಲ್ಲಿ ಹೇಳಿದ್ದು ಅದಕ್ಕೆ ಹೊಂದಬೇಕು. ಮಗಳ ಹೆರಿಗೆ ಸಮಯಕ್ಕೆ ಜೊತೆಗಿರಲು ಹೋಗುತ್ತಿದ್ದರೆ ಹಾಗೆಂದೇ ಹೇಳಿ, ತಾಜಮಹಲು ನೋಡದವರು ನ್ಯೂಯಾರ್ಕ್ ನೋಡಲು ಹೊರಟೆವು ಎನ್ನಬೇಡಿ. ಕರ್ನಾಟಕದವರು ಈ ಸಂದರ್ಶನಕ್ಕೆ ಚೆನ್ನೈಗೆ ಹೋಗುವುದು ರೂಢಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಾನ್ಸುಲೇಟ್ ಉದ್ಘಾಟನೆಯಾದರೂ ವೀಸಾ ಕೆಲಸ ಅಂದೇ ಶುರುವಾಗಲಿಲ್ಲ, ಆದ್ದರಿಂದ ದಿನ ಗೊತ್ತುಪಡಿಸುವಾಗ ಜಾಗ ನೋಡಿಕೊಳ್ಳಿ. ವೀಸಾ ಹತ್ತು ವರ್ಷದ್ದು ಎಂದಮಾತ್ರಕ್ಕೆ ಅಲ್ಲಿ ಹತ್ತು ವರ್ಷ ಇರಬಹುದೆಂದಲ್ಲ. ಇಳಿದ ದಿನ ವಲಸೆ ಅಧಿಕಾರಿ ‘ಐ-94’ ದಾಖಲೆಯಲ್ಲಿ ಬರೆಯುವ ತಾರೀಖೇ ಕೊನೆ, ಭೇಟಿ ವೀಸಾದವರಿಗೆ ಸಾಮಾನ್ಯವಾಗಿ ಆರು ತಿಂಗಳು. ಅದನ್ನು ಮೀರಿದವರಿಗೆ ಮುಂದಿನ ಬಾಣಂತನಕ್ಕೆ ಬಾಗಿಲು ಮುಚ್ಚಬಹುದು.

ಕಾಗದ ಎಲ್ಲ ಸರಿ, ಇಂಗ್ಲಿಷ್ ಬಾರದವರು ಒಬ್ಬರೇ ಹೋಗುವುದು ಹೇಗೆ, ನಿಜವಾದ ಕಷ್ಟ ಭಾಷೆಯದಲ್ಲವೇ ಎಂದು ಕೇಳುವವರ ಮಾತಿನಲ್ಲಿ ತೂಕವಿದೆ. ಆದರೂ ಭಾಷೆಯ ಕಷ್ಟ ಒಂದೆರಡು ದಿನದ್ದು, ದಾಖಲೆಯ ತಪ್ಪು ಹತ್ತು ವರ್ಷದ್ದು. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ನೆರವು ಕೇಳಿದರೆ ವಿಮಾನ ಬದಲಾಯಿಸುವ ಕಡೆ ಸಂಸ್ಥೆಯ ಸಿಬ್ಬಂದಿಯೇ ಕರೆದುಕೊಂಡು ಹೋಗಿ ಮುಂದಿನ ಬಾಗಿಲಿಗೆ ಬಿಡುತ್ತಾರೆ. ಉಳಿಯುವ ಮನೆಯ ವಿಳಾಸ, ಮಗಳ ಫೋನ್ ನಂಬರು, ಎಷ್ಟು ದಿನ, ವಾಪಸ್ ಟಿಕೆಟ್ಟಿನ ತಾರೀಖು ಇಷ್ಟನ್ನು ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡರೆ ವಲಸೆ ಕೌಂಟರಿನ ಅರ್ಧ ಪ್ರಶ್ನೆಗಳಿಗೆ ಉತ್ತರವಾಯಿತು. ಪಾವಗಡದವರಿಗೆ ಇನ್ನೊಂದು ಅನುಕೂಲವೂ ಇದೆ: ಬಹುಪಾಲು ಆಂಧ್ರದಿಂದ ಸುತ್ತುವರಿದ ತಾಲ್ಲೂಕಾದ್ದರಿಂದ ತೆಲುಗು ಮನೆಮಾತಿನಷ್ಟೇ ಸಲೀಸು, ಕೊಲ್ಲಿಯಲ್ಲೂ ಅಮೆರಿಕದಲ್ಲೂ ತೆಲುಗು ಮಾತನಾಡುವವರು ಸಿಗುವುದು ಕಷ್ಟವಲ್ಲ. ಇನ್ನು ವಿಮಾನ ನಿಲ್ದಾಣಕ್ಕೆ ಹೋಗಲು ಬೆಂಗಳೂರಿನ ಒಳಗೆ ನುಗ್ಗಿ ಹೆಬ್ಬಾಳದಲ್ಲಿ ಸಿಕ್ಕಿಕೊಳ್ಳುವ ಅಗತ್ಯವಿಲ್ಲ. ಪಾವಗಡದಿಂದ ಪೆನುಕೊಂಡಕ್ಕೆ ಹೋಗಿ ಹೈದರಾಬಾದ್ ಹೆದ್ದಾರಿ ಹಿಡಿದರೆ ನೇರ ದೇವನಹಳ್ಳಿ. ಮಧುಗಿರಿಯಿಂದ ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ, ಶಿರಾದಿಂದ ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ತಿರುಗಿ. 2023ರ ಸೆಪ್ಟೆಂಬರ್‌ನಿಂದ ವಿದೇಶಿ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ, ಡ್ರೈವರಿಗೆ ಮೊದಲೇ ಹೇಳಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ನಮ್ಮ ಜಿಲ್ಲೆಯವರೇ ಎಡವುವ ಎರಡು ಪದಾರ್ಥಗಳಿವೆ. ಒಂದು ಕೊಬ್ಬರಿ. ಎಣ್ಣೆಯಂಶದಿಂದ ಬೆಂಕಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿರುವುದರಿಂದ ಒಣ ಕೊಬ್ಬರಿಯನ್ನು ವಿಮಾನದ ಕೈಚೀಲದಲ್ಲೂ ಒಯ್ಯುವಂತಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಹಾಕುವಂತಿಲ್ಲ. ಇನ್ನೊಂದು ಗಸಗಸೆ. ಬಾಣಂತಿಗೆ ಪಾಯಸಕ್ಕೆಂದು ಪೊಟ್ಟಣ ಕಟ್ಟಿಕೊಂಡು ಯುಎಇಗೋ ಸಿಂಗಪುರಕ್ಕೋ ಹೋದರೆ ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲಾಗುವ ಅಪರಾಧ. ದುಬೈನಲ್ಲಿ ವಿಮಾನ ಬದಲಿಸಿ ಅಮೆರಿಕಕ್ಕೆ ಹೋಗುವವರೂ ಬಿಟ್ಟೇ ಹೋಗುವುದು ಲೇಸು. ನೋವಿನ ಮಾತ್ರೆಗಳಲ್ಲಿ ಟ್ರಮಡಾಲ್, ಕೆಮ್ಮಿನ ಔಷಧಿಯಲ್ಲಿ ಕೊಡೀನ್ ಇದ್ದರೂ ಕೊಲ್ಲಿಯಲ್ಲಿ ಇದೇ ಗತಿ, ಹಾಗಾಗಿ ವೈದ್ಯರ ಚೀಟಿ ಇಂಗ್ಲಿಷಿನಲ್ಲಿ ಬರೆಸಿಕೊಂಡು ಅಲ್ಲಿನ ನಿಯಮ ಕೇಳಿಕೊಂಡೇ ಒಯ್ಯಿರಿ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ, ರಾಗಿಹಿಟ್ಟು ಏನೇ ಇದ್ದರೂ ಫಾರಮ್ಮಿನಲ್ಲಿ ಬರೆದು ತೋರಿಸಿ. ಬರೆದರೆ ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ, ಬರೆಯದಿದ್ದರೆ ದಂಡ ಹಾಕುತ್ತಾರೆ. ನೆರೆಮನೆಯವರು ಅಲ್ಲಿರುವ ಅಳಿಯನಿಗೆ ತಲುಪಿಸಿ ಎಂದು ಕೊಟ್ಟ ಹೊಲಿದ ಪೊಟ್ಟಣವನ್ನು ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ, ಎಷ್ಟೇ ಮುಜುಗರವಾದರೂ. ಮೈಮೇಲೆ ಹೆಚ್ಚು ಚಿನ್ನ ಇದ್ದರೆ ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ಪ್ರಮಾಣಪತ್ರ ಪಡೆಯಿರಿ. ಇಲ್ಲವಾದರೆ ವಾಪಸ್ ಬರುವಾಗ ಅದು ಅಲ್ಲೇ ಕೊಂಡದ್ದಲ್ಲ ಎಂದು ಸಾಬೀತು ಮಾಡುವುದು ನಿಮ್ಮ ತಲೆಯ ಮೇಲೆ. ವಿದೇಶಿ ನೋಟು ಒಂದು ಪ್ರಯಾಣಕ್ಕೆ ಸಾಮಾನ್ಯವಾಗಿ 3,000 ಡಾಲರ್‌ವರೆಗೆ, ಉಳಿದದ್ದು ಕಾರ್ಡಿನಲ್ಲಿ. ನಮ್ಮ ರೂಪಾಯಿ 25,000ದವರೆಗೆ ಒಯ್ಯಬಹುದು.

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ಬಹಳ ದೇಶಗಳು ಕೇಳುತ್ತವೆ, ಹಳೆಯದಿದ್ದರೆ ಮೊದಲೇ ನವೀಕರಿಸಿ. ಹೊರಡುವ ಹಿಂದಿನ ದಿನ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಟಿಕೆಟ್, ವಿಮೆ ಇವುಗಳ ಜೆರಾಕ್ಸ್ ಎರಡು ಪ್ರತಿ ಮಾಡಿಸಿ. ಒಂದು ಪ್ರತಿ ನಿಮ್ಮ ಕೈಚೀಲದಲ್ಲಿ, ಪಾಸ್‌ಪೋರ್ಟಿನಿಂದ ಬೇರೆ ಜಾಗದಲ್ಲಿರಲಿ. ಇನ್ನೊಂದನ್ನು ಊರಿನಲ್ಲಿ ಉಳಿಯುವ, ಫೋನ್ ಎತ್ತುವ, ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಲು ಬರುವ ಒಬ್ಬರ ಕೈಗೆ ಕೊಡಿ. ಅಲ್ಲಿ ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಭಾರತದ ರಾಯಭಾರ ಕಚೇರಿ. ಊರಿಗೆ ಮರಳಲು ಅವರು ತುರ್ತು ಪ್ರಮಾಣಪತ್ರ ಕೊಡುವ ಮೊದಲು ಕೇಳುವುದು ಆ ಜೆರಾಕ್ಸನ್ನೇ.